ಗೂಡ್ಸ್ ಶೆಡ್ ಕಟ್ಟಲು ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮಾಡೆಲ್ ರೈಲ್ವೆಗೆ ಕಟ್ಟಲಿರುವ ಗೂಡ್ಸ್ ಶೆಡ್ಡಿನ, ಅಂದರೆ ರೈಲಿನ ಸರಕು ಇಳಿಸುವ ಕಟ್ಟಡದ, ಫೋಟೋ, ನಕ್ಷೆ, ಸಾಮಾನಿನ ಪಟ್ಟಿ ಮೂರನ್ನೂ ನೋಡಿದೆ. ಬಣ್ಣದ ಡಬ್ಬಿಗಳಿಗೆ ಒಂದು ಪುಟ ಕೊಟ್ಟಿದ್ದೀಯ, ಗೋಡೆಯ ಲೆಕ್ಕಕ್ಕೆ ಎರಡೇ ಸಾಲು. ಇದು ತಲೆಕೆಳಗು ಕಣೇ. ಮಾಡೆಲ್ ರೈಲ್ವೆಯ ಇಟ್ಟಿಗೆ ಕಟ್ಟಡ ಆಟಿಕೆಯಂತೆ ಕಂಡರೆ ತಪ್ಪು ಬಣ್ಣದ್ದೇ ಆಗಿರಬೇಕಿಲ್ಲ. ಯಾವ ಮೇಸ್ತ್ರಿಯೂ ಕಟ್ಟಲಾರದಂಥ ಗೋಡೆಯಾದರೆ ಎಷ್ಟು ಚೆನ್ನಾಗಿ ಬಳಿದರೂ ಕಣ್ಣು ಒಪ್ಪುವುದಿಲ್ಲ.

ನಮ್ಮ ಕಡೆ ಗೋಡೆ ಎದ್ದ ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆದು ಮುಚ್ಚಿಬಿಡುತ್ತಾರೆ. ಹಾಗಾಗಿ ಇಟ್ಟಿಗೆಯ ಜೋಡಣೆ ಓದುವ ಅಭ್ಯಾಸ ನಮಗೆ ಕಡಿಮೆ. ನೀನಿರುವ ಇಂಗ್ಲೆಂಡಿನ ಡರ್ಬಿಯಲ್ಲಿ ಅದು ಬೀದಿ ಬೀದಿಯಲ್ಲಿ ಬಯಲಾಗಿ ನಿಂತಿದೆ. ಸ್ಟೇಷನ್ ಪಕ್ಕದಲ್ಲಿ 1839ರ ರೌಂಡ್‌ಹೌಸ್, ಅಂದರೆ ರೈಲು ಎಂಜಿನ್ನುಗಳನ್ನು ನಿಲ್ಲಿಸುತ್ತಿದ್ದ ದುಂಡನೆಯ ಕಟ್ಟಡ, ಇದೆಯಲ್ಲ, ಈಗ ಕಾಲೇಜು ನಡೆಯುತ್ತಿರುವುದು, ಅಲ್ಲಿಗೆ ಹೋಗಿ ಗೋಡೆಯ ಮೂಲೆಗಳನ್ನೂ ಕಿಟಕಿಯ ಅಂಚುಗಳನ್ನೂ ಮೊದಲು ನೋಡು. ಗೋಡೆಯ ನಡುಭಾಗ ಎಲ್ಲರಿಗೂ ಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಬ್ರಿಟನ್ನಿನ ಹಳೆಯ ಇಟ್ಟಿಗೆ ಸಂದಿನ ಗಾರೆಯನ್ನೂ ಸೇರಿಸಿದರೆ 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ಎತ್ತರ. ನಿನ್ನದು ಓಓ ಸ್ಕೇಲ್, ಅಂದರೆ ನಿಜದ ಒಂದು ಅಡಿಗೆ ಮಾಡೆಲಿನಲ್ಲಿ 4 ಮಿ.ಮೀ. ಹಾಗಾಗಿ ಉದ್ದ 3 ಮಿ.ಮೀ., ತಲೆಯ (ಇಟ್ಟಿಗೆಯ ಗಿಡ್ಡ ಬದಿಯ) ಅಗಲ ಒಂದೂವರೆ, ಒಂದು ವರಸೆಯ (ಇಟ್ಟಿಗೆಯ ಒಂದು ಅಡ್ಡ ಸಾಲಿನ) ಎತ್ತರ ಸರಿಯಾಗಿ 1 ಮಿ.ಮೀ. ಇಷ್ಟು ಸಲೀಸಾದ ಲೆಕ್ಕ ಬೇರೆ ಸ್ಕೇಲಿನಲ್ಲಿ ಸಿಗುವುದಿಲ್ಲ. ಫೋಟೋದಲ್ಲಿ ನೆಲದಿಂದ ಸೂರಿನವರೆಗೆ ವರಸೆ ಎಣಿಸು. 56 ಬಂದರೆ ಗೋಡೆ 14 ಅಡಿ, ನಿನ್ನ ಮೇಜಿನ ಮೇಲೆ 56 ಮಿ.ಮೀ. ಕಟ್ಟಡ ಇಂಗ್ಲೆಂಡಿನ ಉತ್ತರದ್ದಾದರೆ ಮಾತ್ರ ಸ್ವಲ್ಪ ಎಚ್ಚರ. ಅಲ್ಲಿ ದಪ್ಪ ಇಟ್ಟಿಗೆಯ ಬಳಕೆ ಇತ್ತು, ನಾಲ್ಕು ವರಸೆಗೆ 12 ಇಂಚಿನ ಬದಲು 13 ಇಂಚು ಬರುವುದುಂಟು.

ನಿನ್ನ ನಕ್ಷೆಯಲ್ಲಿ ಉದ್ದದ ಗೋಡೆ 125 ಮಿ.ಮೀ. ಅಂತಿದೆ. 126 ಮಾಡು. 126ನ್ನು ಒಂದೂವರೆಯಿಂದ ಭಾಗಿಸಿದರೆ 84 ಅರ್ಧ ಇಟ್ಟಿಗೆ, ಪೂರ್ತಿ ಕೂಡುತ್ತದೆ. 125ರಲ್ಲಿ ಕೊನೆಗೆ ಒಂದು ಚೂರು ಉಳಿಯುತ್ತದೆ, ಅದು ಮೂಲೆಯಲ್ಲೇ ಬಂದು ಕೂರುತ್ತದೆ. ಕಿಟಕಿಯ ಅಗಲ, ಎರಡು ಕಿಟಕಿಗಳ ನಡುವಿನ ಗೋಡೆ, ಬಾಗಿಲಿನಿಂದ ಮೂಲೆಯವರೆಗಿನ ಅಂತರ, ಎಲ್ಲವೂ ಒಂದೂವರೆಯ ಗುಣಕದಲ್ಲಿರಲಿ. ಎತ್ತರಗಳು ಇಡೀ ಮಿಲಿಮೀಟರಿನಲ್ಲಿರಲಿ. ವ್ಯಾಗನ್ ಹೋಗಿಬರುವ ಬಾಗಿಲಿಗೆ ಮಾತ್ರ ಹಳಿಯ ಮೇಲೆ ನಿನ್ನ ಹತ್ತಿರವಿರುವ ಅತಿ ಎತ್ತರದ ಬಂಡಿಯನ್ನು ನಿಲ್ಲಿಸಿ ಅಳೆದು, ಆಮೇಲೆ ಹತ್ತಿರದ ವರಸೆಗೆ ಏರಿಸಿಕೋ.

ಇಟ್ಟಿಗೆಯ ಅಚ್ಚಿರುವ ಪ್ಲಾಸ್ಟಿಕ್ ಹಾಳೆ ಕೊಳ್ಳುವಾಗ ಹೆಚ್‌ಓ ಹಾಳೆ, ಅಂದರೆ ಅಡಿಗೆ ಮೂರೂವರೆ ಮಿ.ಮೀ. ಸ್ಕೇಲಿನದು, ಅಗ್ಗಕ್ಕೆ ಸಿಕ್ಕಿತೆಂದು ತರಬೇಡ. ಅದರ ವರಸೆ 0.875 ಮಿ.ಮೀ. 48 ವರಸೆಯ ಗೋಡೆ 48 ಮಿ.ಮೀ. ಬರಬೇಕಾದಲ್ಲಿ 42ಕ್ಕೇ ನಿಲ್ಲುತ್ತದೆ. ಎತ್ತರ ಸರಿಮಾಡಲು ವರಸೆ ಹೆಚ್ಚಿಸಿದರೆ ಇಟ್ಟಿಗೆಯೇ ಚಿಕ್ಕದಾಗಿ ಕಾಣುತ್ತದೆ.

ಇಟ್ಟಿಗೆ ಜೋಡಿಸುವ ಕ್ರಮಕ್ಕೆ ಬಾಂಡ್ ಎನ್ನುತ್ತಾರೆ. ನಿನ್ನ ಫೋಟೋದಲ್ಲಿರುವುದು ಇಂಗ್ಲಿಷ್ ಬಾಂಡ್. ಒಂದು ವರಸೆ ಪೂರ್ತಿ ಉದ್ದ ಇಟ್ಟಿಗೆ, ಅದರ ಮೇಲಿನದು ಪೂರ್ತಿ ತಲೆ ಇಟ್ಟಿಗೆ. ಒಂದೇ ವರಸೆಯಲ್ಲಿ ಉದ್ದ, ತಲೆ, ಉದ್ದ, ತಲೆ ಅಂತ ಬಂದರೆ ಅದು ಫ್ಲೆಮಿಷ್ ಬಾಂಡ್. ಬರೀ ಉದ್ದ ಇಟ್ಟಿಗೆಯ ಸ್ಟ್ರೆಚರ್ ಬಾಂಡ್ ಆಮೇಲಿನ ಕಾಲದ ಟೊಳ್ಳು ಗೋಡೆಗೆ ಸೇರಿದ್ದು. 1870ರ ಗೂಡ್ಸ್ ಶೆಡ್ಡಿಗೆ ಅದನ್ನು ಅಂಟಿಸಿದರೆ ಬಲ್ಲವರು ಬಾಗಿಲಲ್ಲೇ ನಿಂತು ನಗುತ್ತಾರೆ.

ಇಂಗ್ಲಿಷ್ ಬಾಂಡಿನ ಮೂಲೆಯಲ್ಲಿ ಒಂದು ಗುಟ್ಟಿದೆ. ಮುಂದಿನ ಗೋಡೆಯಲ್ಲಿ ಉದ್ದ ಇಟ್ಟಿಗೆಯ ವರಸೆಯಾಗಿದ್ದದ್ದು ಪಕ್ಕದ ಗೋಡೆಗೆ ತಿರುಗಿದ ಕೂಡಲೇ ತಲೆ ಇಟ್ಟಿಗೆಯ ವರಸೆಯಾಗುತ್ತದೆ. ಮೂಲೆಯ ಇಟ್ಟಿಗೆಗೆ ಒಂದು ಕಡೆ ಉದ್ದ, ಇನ್ನೊಂದು ಕಡೆ ತಲೆ, ಅಷ್ಟೇ ಕಾರಣ. ಆದ್ದರಿಂದ ನಾಲ್ಕೂ ಗೋಡೆಯನ್ನು ಹಾಳೆಯ ಒಂದೇ ಸಾಲಿನಿಂದ ಕತ್ತರಿಸಬೇಡ. ಪಕ್ಕದ ಗೋಡೆಗಳನ್ನು ಒಂದು ವರಸೆ ಮೇಲಕ್ಕೆ ಸರಿಸಿ ಕತ್ತರಿಸು. ತಲೆ ವರಸೆಯಲ್ಲಿ ಮೂಲೆಯ ಇಟ್ಟಿಗೆಯ ಪಕ್ಕ ಮುಕ್ಕಾಲು ಮಿಲಿಮೀಟರಿನ ಒಂದು ಕಾಲಿಟ್ಟಿಗೆ ಚೂರು ಇರಬೇಕು, ಮೇಸ್ತ್ರಿಗಳು ಸಂದು ತಪ್ಪಿಸಲು ಇಡುವಂಥದ್ದು. ಅಚ್ಚಿನ ಹಾಳೆಯಲ್ಲಿ ಅದು ಇರುವುದಿಲ್ಲ. ನೋಡುವವರ ಕಡೆಗಿರುವ ಎರಡು ಮೂಲೆಗಳಲ್ಲಿ ಚೂಪು ಸೂಜಿಯಿಂದ ಅದನ್ನು ಗೀರಿದರೆ ಸಾಕು. ಹಿಂದಿನ ಮೂಲೆಗಳನ್ನು ಬಿಡು.

ಮೂಲೆ ಕೂಡಿಸುವುದು 45 ಡಿಗ್ರಿ ಇಳಿಜಾರಿನಲ್ಲಿ. ಹಾಳೆಯ ಹಿಂಬದಿಯಿಂದ ಉಜ್ಜು, ಮುಂದಿನ ಅಂಚಿಗೆ ಉಜ್ಜುಕಾಗದ ತಾಗುವ ಮೊದಲೇ ನಿಲ್ಲಿಸು. ಅಂಚು ಅರ್ಧ ಮಿಲಿಮೀಟರ್ ತಿಂದುಹೋದರೂ ಮೂಲೆಯ ಇಟ್ಟಿಗೆ ಮೂರನೇ ಒಂದು ಪಾಲು ಸಣ್ಣಗಾಯಿತು. ಕೂಡಿಸಿದ ಮೇಲೆ ಅಡ್ಡ ಸಂದುಗಳನ್ನು ತ್ರಿಕೋನ ಅರದ ಏಣಿನಿಂದ ಮೂಲೆಯ ಸುತ್ತ ಒಂದೊಂದಾಗಿ ಎಳೆ. ಬೇಸರದ ಕೆಲಸ. ಹೊಸಬರೆಲ್ಲ ಬಿಟ್ಟುಬಿಡುವುದು ಇದನ್ನೇ.

ಸ್ಲೇಟರ್ಸ್‌ನಂಥ ಅಚ್ಚೊತ್ತಿದ ಪ್ಲಾಸ್ಟಿಕ್ ಹಾಳೆ ಸುಮಾರು ಅರ್ಧ ಮಿ.ಮೀ. ದಪ್ಪ, ತಾನಾಗಿ ನಿಲ್ಲುವುದಿಲ್ಲ. ಹಿಂದೆ 1 ಮಿ.ಮೀ. ಬೋಳು ಹಾಳೆ ಅಂಟಿಸು. ಎರಡೂ ಸೇರಿ ಒಂದೂವರೆ ಮಿ.ಮೀ. ಆಗುತ್ತದೆ, ಅಂದರೆ ಸರಿಯಾಗಿ ಅರ್ಧ ಇಟ್ಟಿಗೆ. ಕಿಟಕಿಯ ಚೌಕಟ್ಟನ್ನು ಹಿಂದಿನಿಂದ ಅಂಟಿಸಿದರೆ ನಿಜವಾದ ಕಿಟಕಿಯಂತೆ ನಾಲ್ಕೂವರೆ ಇಂಚು ಒಳಗೆ ಕೂರುತ್ತದೆ. ತೆರವಿನ ಒಳಮೈಯಲ್ಲಿ ಬೋಳು ಪ್ಲಾಸ್ಟಿಕ್ ಕಾಣದಂತೆ ಅಲ್ಲೂ ಮಿಲಿಮೀಟರಿಗೊಂದು ಗೀರು ಹಾಕು.

ಅಂಟಿಸುವಾಗ ಆಗುವ ಅನಾಹುತ ಆರು ತಿಂಗಳ ನಂತರ ಗೊತ್ತಾಗುತ್ತದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಸುವ ದ್ರಾವಕ ಎರಡು ಹಾಳೆಯ ನಡುವೆ ಸಿಕ್ಕಿಕೊಂಡರೆ ಹೊರಬರಲು ದಾರಿಯಿಲ್ಲದೆ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಮೆತ್ತಗೆ ಮಾಡುತ್ತದೆ. ನೆಟ್ಟಗಿದ್ದ ಗೋಡೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದಕ್ಕೆ ಹಿಂದಿನ ಹಾಳೆಯಲ್ಲಿ 20 ಮಿ.ಮೀ.ಗೊಂದರಂತೆ 3 ಮಿ.ಮೀ. ತೂತು ಕೊರೆ, ದ್ರಾವಕವನ್ನು ತೂತುಗಳ ಮೂಲಕವೂ ಅಂಚಿನಿಂದಲೂ ಸಣ್ಣ ಕುಂಚದಲ್ಲಿ ಮಿತವಾಗಿ ಬಿಡು, ಸಮತಟ್ಟಾದ ಗಾಜಿನ ಮೇಲೆ ಭಾರ ಹೇರಿ ಒಂದು ದಿನ ಬಿಡು. ಒಳಗೆ 50-60 ಮಿ.ಮೀ.ಗೊಂದು ಅಡ್ಡಗೋಡೆ ಕೊಡು. ಕಟ್ಟಡದ ತಳವನ್ನು ಪೂರ್ತಿ ಮುಚ್ಚಬೇಡ, ಆವಿಗೆ ದಾರಿ ಬೇಕು. ಕೋಣೆಯ ಕಿಟಕಿ ತೆರೆದಿಟ್ಟು ಕೆಲಸ ಮಾಡು ಅಂತ ಬೇರೆ ಹೇಳಬೇಕಿಲ್ಲ ತಾನೆ.

ಕಿಟಕಿಯ ಮೇಲಿನ ಕಮಾನನ್ನು ಹಾಳೆಯ ಅಡ್ಡ ವರಸೆಯಲ್ಲೇ ಬಿಟ್ಟರೆ ಆ ಇಟ್ಟಿಗೆಗಳು ಗಾಳಿಯಲ್ಲಿ ನಿಂತ ಹಾಗೆ. ಒಂದೂವರೆ ಮಿ.ಮೀ. ಅಗಲದ ತೆಳು ಪಟ್ಟಿ ತೆಗೆದುಕೊಂಡು ಮಿಲಿಮೀಟರಿಗೊಂದು ಗೀರು ಹಾಕಿ, ಗೀರುಗಳನ್ನು ಮುಕ್ಕಾಲು ಆಳ ಕೊಯ್ದು, ಬಾಗಿಸಿ ಕೂರಿಸು. ಎರಡು ಸುತ್ತಿನ ಕಮಾನಾದರೆ ಹೀಗೆ ಎರಡು ಪಟ್ಟಿ. ಅದಕ್ಕೆ ಮೊದಲು ಗೋಡೆಯ ಹಾಳೆಯಿಂದ ಆ ಜಾಗವನ್ನು ಕತ್ತರಿಸಿ ತೆಗೆದಿರಬೇಕು. ಮೇಲೆ ಅಂಟಿಸಿದರೆ ಹುಬ್ಬಿನ ಹಾಗೆ ಉಬ್ಬಿರುತ್ತದೆ. ಗಾಡಿ ಬಂದು ನಿಲ್ಲುತ್ತಿದ್ದ ಬಾಗಿಲಿನ ಅಂಚಿಗೆ ಸ್ಟಾಫರ್ಡ್‌ಶೈರಿನ ನೀಲಿ ಇಟ್ಟಿಗೆ, ಮೂಲೆ ಉರುಟು ಮಾಡಿದ್ದು, ಇರುವುದುಂಟು. ಚಕ್ರ ತಾಗಿದರೆ ಕೆಂಪು ಇಟ್ಟಿಗೆ ಒಡೆಯುತ್ತದೆ, ಇದು ಒಡೆಯುವುದಿಲ್ಲ. ನಿನ್ನ ಫೋಟೋ ಹಿಗ್ಗಿಸಿ ನೋಡು.

ಇನ್ನು ಬಣ್ಣ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಗೋಡೆ ತೊಳೆದು ಒಣಗಿಸಿ, ಬಣ್ಣ ಹಿಡಿಯಲು ತಳಕ್ಕೆ ಹೊಡೆಯುವ ಬೂದು ಪ್ರೈಮರ್ ತೆಳ್ಳಗೆ ಹೊಡೆ. ಆಮೇಲೆ ಇಟ್ಟಿಗೆಯ ಬಣ್ಣವನ್ನು ನೀರಿನಲ್ಲಿ ಕಲಸುವ ಅಕ್ರಿಲಿಕ್‌ನಲ್ಲೇ ಬಳಿ. ಹಂಬ್ರೋಲ್ ಕಂಪನಿಯ 70ನೇ ನಂಬರಿನ ಇಟ್ಟಿಗೆಗೆಂಪನ್ನು ಡಬ್ಬಿಯಿಂದ ನೇರ ಬಳಿದರೆ ಗೋಡೆಗೆಲ್ಲ ಒಂದೇ ಬಣ್ಣವಾಗುತ್ತದೆ. ಮೂರು ಪಾಲು 70ಕ್ಕೆ ಒಂದು ಪಾಲು 62, ಅಂದರೆ ಚರ್ಮದ ಕಂದು, ಬೆರೆಸು. ಒಂದು ದಿನ ಒಣಗಿದ ಮೇಲೆ ಗಾರೆಯ ಬಣ್ಣವನ್ನು ಎಣ್ಣೆಬಣ್ಣವಾದ ಎನಾಮೆಲ್‌ನಲ್ಲಿ ಕೊಡಬೇಕು. 64ಕ್ಕೆ (ತಿಳಿಬೂದು) ಸ್ವಲ್ಪ 121 (ತಿಳಿ ಕಲ್ಲಿನ ಬಣ್ಣ) ಸೇರಿಸಿ, ಒಂದಕ್ಕೆ ಮೂರು ಪಾಲು ವೈಟ್ ಸ್ಪಿರಿಟ್, ಅಂದರೆ ಎಣ್ಣೆಬಣ್ಣ ತೆಳುಮಾಡುವ ದ್ರವ, ಹಾಕಿ ತೆಳ್ಳಗೆ ಮಾಡಿ ಸಂದುಗಳಿಗೆ ಹರಿಯಲು ಬಿಡು. ಹತ್ತು ನಿಮಿಷ ಬಿಟ್ಟು, ಎಳೆ ಬಿಡದ ಬಟ್ಟೆಯನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಕರ್ಣರೇಖೆಯಲ್ಲಿ ಒರೆಸು. ಬೆರಳಿಗೆ ಸುತ್ತಿ ಒರೆಸಿದರೆ, ಅಥವಾ ವರಸೆಯ ಗುಂಟ ಒರೆಸಿದರೆ, ಸಂದಿನಲ್ಲಿದ್ದದ್ದೂ ಎದ್ದುಬರುತ್ತದೆ. ಈ ಕ್ರಮವನ್ನು ಅದಲುಬದಲು ಮಾಡಬೇಡ. ತಳದ ಬಣ್ಣವೂ ಎನಾಮೆಲ್ ಆಗಿ ಪೂರ್ತಿ ಗಟ್ಟಿಯಾಗಿರದಿದ್ದರೆ ವೈಟ್ ಸ್ಪಿರಿಟ್ ಅದನ್ನೂ ಕಿತ್ತುಕೊಂಡು ಬರುತ್ತದೆ. ಅಕ್ರಿಲಿಕ್ಕನ್ನು ಅದು ಮುಟ್ಟುವುದಿಲ್ಲ. ವಿಲ್ಸ್ ಎಂಬ ಇನ್ನೊಂದು ಕಂಪನಿಯ ದಪ್ಪ ಹಾಳೆಯಂತೆ ಸಂದು ಆಳವಾಗಿದ್ದರೆ ಇನ್ನೊಂದು ದಾರಿಯಿದೆ. ಮೊದಲು ಇಡೀ ಗೋಡೆಗೆ ಗಾರೆಯ ಬಣ್ಣ ಬಳಿದು, ಒಣಗಿದ ಮೇಲೆ ಚಪ್ಪಟೆ ಕುಂಚದಲ್ಲಿ ಬಣ್ಣವನ್ನು ಮುಕ್ಕಾಲುಪಾಲು ಒರೆಸಿಕೊಂಡು ಇಟ್ಟಿಗೆಯ ಮುಖವನ್ನಷ್ಟೇ ಸವರುವುದು. ನಿನ್ನ ತೆಳು ಹಾಳೆಗೆ ಅದು ಆಗಿಬರುವುದಿಲ್ಲ.

ಗಾರೆ ಬಿಳಿಯಾಗಿರಲೇಬಾರದು. ಕಾರಣ ಹೇಳುತ್ತೇನೆ. 10 ಮಿ.ಮೀ. ಸಂದು ಓಓ ಸ್ಕೇಲಿನಲ್ಲಿ 0.13 ಮಿ.ಮೀ. ಆಗಬೇಕು, ಅಚ್ಚಿನ ಸಂದು ಅದಕ್ಕಿಂತ ಅಗಲವೇ ಇರುತ್ತದೆ. ಬಿಳಿ ತುಂಬಿದರೆ ಆ ಹೆಚ್ಚುವರಿ ಅಗಲವೆಲ್ಲ ಕೂಗಿ ಹೇಳುತ್ತದೆ. ಇನ್ನು, ಮೇಜಿನಿಂದ 60 ಸೆಂ.ಮೀ. ದೂರ ನಿಂತು ನೋಡುವುದೆಂದರೆ ನಿಜವಾದ ಗೋಡೆಯನ್ನು ಸುಮಾರು 46 ಮೀಟರ್ ದೂರದಿಂದ ನೋಡಿದ ಹಾಗೆ. ರೌಂಡ್‌ಹೌಸಿನಿಂದ ಅಷ್ಟು ದೂರ ನಡೆದು ತಿರುಗಿ ನೋಡು, ಗಾರೆಯ ಗೆರೆ ಎಷ್ಟು ಕಾಣುತ್ತದೆ ಅಂತ. ಕಾರ್ಖಾನೆಯ ಊರುಗಳಲ್ಲಿ ಗಾರೆಗೆ ಕಲ್ಲಿದ್ದಲಿನ ಬೂದಿಯನ್ನೇ ಬೆರೆಸುತ್ತಿದ್ದರು, ಅಲ್ಲಿ ಗಾರೆ ಇಟ್ಟಿಗೆಗಿಂತ ಕಪ್ಪು.

ಇಟ್ಟಿಗೆಗಳನ್ನು ಬಿಡಿಬಿಡಿಯಾಗಿ ಬಣ್ಣಿಸುವ ಆಸೆ ನಿನಗಿದೆ, ನಿನ್ನ ಪಟ್ಟಿಯೇ ಹೇಳುತ್ತದೆ. ಹತ್ತು ಇಟ್ಟಿಗೆಗೆ ಒಂದಕ್ಕಿಂತ ಹೆಚ್ಚು ಮುಟ್ಟಬೇಡ. ತಳದ ಬಣ್ಣದಿಂದಲೇ ಹುಟ್ಟಿದ ಮೂರು ಛಾಯೆ ಸಾಕು, ಸ್ವಲ್ಪ ಕಂದು, ಸ್ವಲ್ಪ ಕಿತ್ತಳೆ, ಹೆಚ್ಚು ಬೆಂದ ಇಟ್ಟಿಗೆಯ ನೇರಳೆಗಪ್ಪು. ಮ್ಯಾಟ್ ಮೈಯ ಮೇಲೆ ಬಣ್ಣದ ಪೆನ್ಸಿಲ್ ಕುಂಚಕ್ಕಿಂತ ಹಿಡಿತಕ್ಕೆ ಬರುತ್ತದೆ. ಸಮಾನ ಅಂತರದಲ್ಲಿ ಚುಕ್ಕೆಯಿಟ್ಟರೆ ಚದುರಂಗದ ಹಾಸಾಗುತ್ತದೆ. ಎರಡು ಮೂರು ಒಟ್ಟಿಗೆ ಬರಲಿ, ಆಮೇಲೆ ಒಂದಷ್ಟು ಖಾಲಿ ಬಿಡು. ನೀಲಿ ಇಟ್ಟಿಗೆಗೆ ನೀಲಿ ಬಣ್ಣ ಬೇಡ. ಅದು ಕಡುಬೂದು, ನೇರಳೆಯ ನೆರಳಿರುವುದು, ಮೈ ತುಸು ಹೊಳಪು.

ದುರಸ್ತಿಯ ತೇಪೆ ತೋರಿಸಬೇಕಿದ್ದರೆ ಹಾರಿಂಗ್‌ವರ್ತ್ ಸೇತುವೆಗೆ ಒಮ್ಮೆ ಹೋಗಿ ಬಾ. ನೀನು ಮಾಡೆಲ್ ಮಾಡುತ್ತಿರುವ ಹಳೆಯ ರೈಲು ಕಂಪನಿ ಮಿಡ್‌ಲ್ಯಾಂಡ್ ರೈಲ್ವೆಯದೇ, 1878ರದ್ದು, 82 ಕಮಾನು. ಕೆಂಪು ಗೋಡೆಗೆ ಆಮೇಲೆ ನೀಲಿ ಇಟ್ಟಿಗೆ ತುಂಬಿದ ತೇಪೆಗಳು ಎಲ್ಲಿ ಹೇಗೆ ಬಿದ್ದಿವೆ ಎಂದು ಗಮನಿಸು. ಯಾವುದೂ ಅಂದಕ್ಕೆ ಹಾಕಿದ್ದಲ್ಲ, ಕೆಟ್ಟಲ್ಲಿ ಹಾಕಿದ್ದು. ನಿನ್ನ ಶೆಡ್ಡಿನಲ್ಲೂ ಹಸಿರು ಪಾಚಿ ಬರುವುದು ಸೋರುವ ಕೊಳವೆಯ ಕೆಳಗೆ, ಬಿಳಿ ಉಪ್ಪು ಕಾಣುವುದು ನೀರೇರುವ ಬುಡದ ಎರಡು ಮೂರು ಅಡಿಯಲ್ಲಿ, ಅಂದರೆ 8ರಿಂದ 12 ಮಿ.ಮೀ.ನಲ್ಲಿ. ನೀನು ತೋರಿಸುವುದು 1950ರ ಆಸುಪಾಸು. ಬ್ರಿಟನ್ನಿನಲ್ಲಿ ಹೊಗೆಗೆ ಕಡಿವಾಣ ಹಾಕಿದ ಕ್ಲೀನ್ ಏರ್ ಕಾಯ್ದೆ ಬಂದದ್ದೇ 1956ರಲ್ಲಿ, ಹಾಗಾಗಿ ಮಸಿ ಎಲ್ಲೆಲ್ಲೂ ಇರಲಿ. ಒಂದಕ್ಕೆ ಹತ್ತು ಪಾಲು ತೆಳುಮಾಡಿದ ಕಂದುಗಪ್ಪನ್ನು ಮೇಲಿಂದ ಕೆಳಕ್ಕೆ ಎಳೆದರೆ ಸಾಕು. ಒಣ ಪುಡಿಯಿಂದ ಮಸಿ, ಉಪ್ಪು ಮಾಡುವುದಾದರೆ ವಾರ್ನಿಷ್ ಮೊದಲು ಹೊಡೆ, ಪುಡಿ ಆಮೇಲೆ. ಪುಡಿಯ ಮೇಲೆ ವಾರ್ನಿಷ್ ಹೊಡೆದರೆ ತಿಳಿಬಣ್ಣದ ಪುಡಿಯೆಲ್ಲ ಮಾಯವಾಗುತ್ತದೆ. ಮ್ಯಾಟ್ ವಾರ್ನಿಷ್ಷನ್ನು ಚಳಿಗಾಲದ ಗ್ಯಾರೇಜಿನಲ್ಲಿ ಹೊಡೆಯಬೇಡ, ತೇವಕ್ಕೆ ಬೆಳ್ಳಗೆ ಮಂಜು ಕಟ್ಟುತ್ತದೆ. ಬೆಚ್ಚಗಿನ ಒಣ ದಿನಕ್ಕೆ ಕಾಯಿ.

ಕೊಳವೆ, ಸ್ಲೇಟು ಚಾವಣಿ ಈಗಲೇ ಬೇಡ, ಗೋಡೆ ನಿಂತ ಮೇಲೆ ಬರೆಯುತ್ತೇನೆ. ಗೋಡೆ ಕತ್ತರಿಸುವಾಗ ಮಾತ್ರ ಬುಡದಲ್ಲಿ 4 ಮಿ.ಮೀ. ಹೆಚ್ಚಿಗೆ ಬಿಡು, ನೆಲದ ಹಲಗೆಯೊಳಗೆ ಅಷ್ಟು ಇಳಿಯಬೇಕು. ಇಲ್ಲದಿದ್ದರೆ ಬುಡದಲ್ಲಿ ಕೂದಲೆಳೆಯಷ್ಟು ಬೆಳಕು ಕಂಡು ಕಟ್ಟಡ ತೇಲುತ್ತದೆ. ಮೂಲೆಗೆ ದ್ರಾವಕ ಬಿಡುವ ಮುಂಚೆ ಮುಂದಿನದು, ಪಕ್ಕದ್ದು ಎರಡೂ ಗೋಡೆಯನ್ನು ಜೊತೆಗಿಟ್ಟು ಓರೆ ಬೆಳಕಿನಲ್ಲಿ ಒಂದು ಫೋಟೋ ಕಳಿಸು. ವರಸೆ ಕೂಡಿದೆಯೋ ಇಲ್ಲವೋ ಎಣಿಸಿ ಹೇಳುತ್ತೇನೆ.

ಇಂತಿ,
ದೊಡ್ಡಪ್ಪ