ಲಕ್ಷ ವೋಟು ಬಿದ್ದರೆ ಸಾಕೇ?

ಮಾನ್ಯ ಸಂಪಾದಕರೇ,

ಆನ್‌ಲೈನ್ ಸಮೀಕ್ಷೆಗೆ ಲಕ್ಷ ಜನ ಉತ್ತರ ಕೊಟ್ಟರೆ ಸಾಕು, ‘ಜನರ ತೀರ್ಪು’ ಅಂತ ಟಿವಿಯಲ್ಲಿ ತೋರಿಸಿಬಿಡುತ್ತಾರೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಪಕ್ಷಪಾತ ಹೋಗುವುದಿಲ್ಲ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುನ್ನ ಅಲ್ಲಿನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಂಚೆಯಲ್ಲಿ ನಡೆಸಿದ ಸಮೀಕ್ಷೆಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದಿದ್ದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. ಗೆದ್ದದ್ದು ಆಗಿನ ಅಧ್ಯಕ್ಷ ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ! ಸಮೀಕ್ಷೆಯ ಚೀಟಿ ಕಳಿಸಲು ಜನರ ವಿಳಾಸಗಳನ್ನು ಬಹುಪಾಲು ಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಷ್ಟಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿದ್ದವು? ಸಾಲದ್ದಕ್ಕೆ, ಉತ್ತರ ಕಳಿಸುವ ಉಮೇದು ರೂಸ್‌ವೆಲ್ಟ್ ವಿರೋಧಿಗಳಿಗೇ ಹೆಚ್ಚಿತ್ತು. ಇಂದಿನ ಮೊಬೈಲ್ ವೋಟಿನದ್ದೂ ಅದೇ ಕಥೆ ಅಲ್ವಾ? ನಿಮ್ಮ ಪತ್ರಿಕೆಯಾದರೂ ಸಮೀಕ್ಷೆ ಹಾಕುವಾಗ ಯಾರನ್ನು, ಎಲ್ಲಿ, ಹೇಗೆ ಕೇಳಿದರು ಅಂತ ಜೊತೆಗೇ ಅಚ್ಚು ಹಾಕಲಿ.

– ಓದುಗ, ತುಮಕೂರು