ಚಿತ್ರದ ಕೆಳಗಿನ ಅಂಚನ್ನು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ರಂಗನಟಿ ಸಾರಾ ಸಿಡನ್ಸ್ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಜೊತೆಗಿದ್ದ ಚಿತ್ರ ನೋಡಿ ಬೇಸರವಾಯಿತು. ಕೆಳಗೆ ‘ಚಿತ್ರ: ಜೋಶುವಾ ರೆನಾಲ್ಡ್ಸ್’ ಎಂದಷ್ಟೇ ಇತ್ತು. ನೀವು ಹಾಕಿದ್ದು ರೆನಾಲ್ಡ್ಸ್ 1784ರಲ್ಲಿ ಬರೆದ ತೈಲಚಿತ್ರ ಅಲ್ಲ. ಅದನ್ನು ನೋಡಿ ಫ್ರಾನ್ಸಿಸ್ ಹೇವರ್ಡ್ ಎಂಬ ಕಲಾವಿದರು ತಾಮ್ರದ ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದು 1787ರಲ್ಲಿ ಹೊರತಂದ ಅಚ್ಚು. ಅವರ ಹೆಸರಿರುವ ಅಂಚೇ ನಿಮ್ಮ ಪುಟದಲ್ಲಿ ಇಲ್ಲ.

ನಾನು ಮೂವತ್ತು ವರ್ಷ ಪ್ರೆಸ್ಸುಗಳಿಗೆ ಬ್ಲಾಕ್ (ಚಿತ್ರ ಮುದ್ರಿಸುವ ಲೋಹದ ತಗಡು) ಮಾಡಿಕೊಟ್ಟವನು. ಯಾವ ಚಿತ್ರ ನೋಡಿದರೂ ಕಣ್ಣು ಮೊದಲು ಚುಕ್ಕಿಗಳ ಮೇಲೇ ಹೋಗುತ್ತದೆ. ಫೋಟೋವನ್ನು ಚುಕ್ಕಿಗಳಲ್ಲಿ ತೋರಿಸುವ ನಮ್ಮ ಹಾಫ್‌ಟೋನ್ ಬ್ಲಾಕಿನಲ್ಲಿ ಚುಕ್ಕಿ ಮೂಡಿಸಲು ಕ್ಯಾಮೆರಾ ಇತ್ತು, ಚಿತ್ರವನ್ನು ಚುಕ್ಕಿಗಳಾಗಿ ಒಡೆಯುವ ಸ್ಕ್ರೀನ್ ಇತ್ತು. ಹೇವರ್ಡ್ ಅವರಿಗೆ ಇದ್ದದ್ದು ಕೈ ಮತ್ತು ಕಣ್ಣು. ನೆರಳಿರುವ ಕಡೆ ಚುಕ್ಕಿ ಒತ್ತಾಗಿ, ಬೆಳಕಿರುವ ಕಡೆ ಬಿಡಿಬಿಡಿಯಾಗಿ ಬರಬೇಕು. ಅದೂ ಎಡಬಲ ತಿರುಗಿಸಿ ಕೊರೆಯಬೇಕು, ಇಲ್ಲದಿದ್ದರೆ ಕಾಗದದ ಮೇಲೆ ಚಿತ್ರ ಉಲ್ಟಾ ಬೀಳುತ್ತದೆ. ಸಿಂಹಾಸನದಲ್ಲಿ ಕೂತ ಸಿಡನ್ಸ್, ಬೆನ್ನ ಹಿಂದಿನ ಕತ್ತಲಲ್ಲಿ ಕಠಾರಿ ಹಿಡಿದ ಒಂದು ಆಕೃತಿ, ಬಟ್ಟಲು ಹಿಡಿದ ಇನ್ನೊಂದು. ಆ ಕತ್ತಲು ಕೂಡ ಕೈಕೆಲಸವೇ. ಸುಮ್ನೆ ಆಗುವ ಕೆಲಸವಲ್ಲ ಅದು.

ತೈಲಚಿತ್ರ ಇರುವುದು ಒಂದು ಗೋಡೆಯ ಮೇಲೆ. ಲಂಡನ್ನಿನ ಡ್ರೂರಿ ಲೇನ್ ಥಿಯೇಟರ್ ಕಡೆ ತಲೆಹಾಕದವರೂ ಸಿಡನ್ಸ್ ಮುಖ ಕಂಡದ್ದು ಇಂಥ ಅಚ್ಚುಗಳಲ್ಲಿ. ಆ ಕಾಲದ ಇತರ ನಟಿಯರಾದ ಡೊರೊತಿ ಜೋರ್ಡನ್, ಎಲಿಜಬೆತ್ ಫ್ಯಾರೆನ್ ಅವರ ಮುಖಗಳೂ ಹೀಗೇ ಮನೆಮನೆ ಸೇರಿದವು.

ಇಂಥ ಅಚ್ಚುಗಳ ಕೆಳಗಿನ ಅಂಚಿನಲ್ಲಿ ಸಾಮಾನ್ಯವಾಗಿ ಎಡಕ್ಕೆ ಚಿತ್ರ ಬರೆದವರ ಹೆಸರು, ಬಲಕ್ಕೆ ಕೊರೆದವರ ಹೆಸರು, ಕೆಳಗೆ ಪ್ರಕಟಣೆಯ ದಿನಾಂಕ ಇರುತ್ತದೆ. ಇದು ಬರೀ ಅಲಂಕಾರ ಅಲ್ಲ. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ ಮತ್ತು ಜೊತೆಗಾರರು ಹೋರಾಡಿ 1735ರಲ್ಲಿ ಪಡೆದ ಕಾನೂನಿನಂತೆ, ತಗಡಿನ ಮೇಲೆ ಹಕ್ಕುದಾರರ ಹೆಸರು ಮತ್ತು ದಿನಾಂಕ ಇರಲೇಬೇಕಿತ್ತು. ಕದ್ದು ಅಚ್ಚು ಹಾಕುವವರ ಕಾಟ ಅಷ್ಟು ಜಾಸ್ತಿ ಇತ್ತು.

ರೆನಾಲ್ಡ್ಸ್ ತಮ್ಮ ಹೆಸರನ್ನು ಸಿಡನ್ಸ್ ಅವರ ಉಡುಪಿನ ಅಂಚಿನ ಮೇಲೆಯೇ ಬರೆದರು. ಅದನ್ನು ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹೇವರ್ಡ್ ಅವರಿಗೆ ಸಿಕ್ಕಿದ್ದು ಕಾಗದದ ಅಂಚು ಮಾತ್ರ, ಅಲ್ವಾ? ಮುಂದಿನ ಸಲ ಇಂಥ ಚಿತ್ರವನ್ನು ದಯವಿಟ್ಟು ಅಂಚಿನ ಸಮೇತ ಹಾಕಿ. ಜಾಗ ಸಾಲದಿದ್ದರೆ ಚಿತ್ರವನ್ನೇ ಸ್ವಲ್ಪ ಚಿಕ್ಕದು ಮಾಡಿ. ಅದೂ ಆಗದಿದ್ದರೆ ಅಡಿಬರಹದಲ್ಲಿ ‘ಕೆತ್ತನೆ: ಫ್ರಾನ್ಸಿಸ್ ಹೇವರ್ಡ್’ ಎಂದು ಸೇರಿಸಿ.

ಇಂತಿ,
ನಿವೃತ್ತ ಬ್ಲಾಕ್ ಮೇಕರ್, ಗದಗ