ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಅಣ್ಣನಿಗೆ

ಹೋದ ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನನ್ನ ಕೈಯಲ್ಲಿದ್ದ ಹಳೆಯ ಕೀಬೋರ್ಡ್ ನೋಡಿ ಮಾತಾಡಿಸಿದ ಅಣ್ಣ, ನಿಮ್ಮ ಹೆಸರು ಕೇಳುವುದೇ ಮರೆತೆ. ನಿಮಗೆ ತುಂಬಾ ಧನ್ಯವಾದ.

ಅದು ನಮ್ಮಪ್ಪನ ಕೀಬೋರ್ಡ್. ಹಳದಿಯಾಗಿತ್ತು ಅಂತ ಎರಡು ಸಲ ಮಾಮೂಲಿ ಸ್ಪ್ರೇ ಪೇಂಟ್ ಹೊಡೆದಿದ್ದೆ. ಎರಡು ಸಲವೂ ಉಗುರು ತಾಗಿದರೆ ಸಾಕು, ಸಿಪ್ಪೆಯಂತೆ ಎದ್ದು ಬಂತು. ಪೇಂಟ್ ಪ್ಲಾಸ್ಟಿಕ್‌ನ ಮೇಲಷ್ಟೇ ಕೂರುತ್ತದೆ, ಪ್ಲಾಸ್ಟಿಕ್‌ಗೆಂದೇ ಇರುವ ಸ್ಪ್ರೇ ಡೈ ಒಳಗೆ ಹಿಡಿಯುತ್ತದೆ ಎಂದು ನೀವು ಬಿಡಿಸಿ ಹೇಳಿದಿರಿ. ಡೈಯಲ್ಲಿರುವ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ಕೀಬೋರ್ಡಿನ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಮೇಲ್ಪದರವನ್ನು ಕೊಂಚ ಮೆತ್ತಗೆ ಮಾಡುತ್ತದೆ, ಬಣ್ಣ ಅಲ್ಲೇ ಕಚ್ಚಿಕೊಳ್ಳುತ್ತದೆ. ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಜಿಡ್ಡು ಒರೆಸಬೇಕು. ಆಮೇಲೆ ಸುಮಾರು 25 ಸೆಂ.ಮೀ. ದೂರದಿಂದ ತೆಳುವಾಗಿ ಹೊಡೆಯಬೇಕು. ಮೊದಲ ಕೋಟ್ ಮಚ್ಚೆಮಚ್ಚೆಯಾಗಿ ಕಂಡರೂ ಗಾಬರಿಯಾಗಿ ಜಾಸ್ತಿ ಹೊಡೀಬೇಡ ಎಂದಿರಿ. ಆ ಮಾತೇ ನನ್ನನ್ನು ಕಾಪಾಡಿತು. ಮಳೆಯ ದಿನ ಬೇಡ, ತೇವಕ್ಕೆ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ ಎಂದೂ ಹೇಳಿದಿರಿ. ನಮ್ಮ ಬೆಂಗಳೂರಿನ ಮಳೆ ಹೇಳಿ ಕೇಳಿ ಬರಲ್ಲ, ಅಲ್ವಾ?

ಭಾನುವಾರ ಒಳ್ಳೆ ಬಿಸಿಲಿತ್ತು. ಮಾಸ್ಕ್ ಹಾಕಿಕೊಂಡು ತಾರಸಿಯಲ್ಲಿ ನಾಲ್ಕು ಕೋಟ್ ಹೊಡೆದೆ. ಕಡುನೀಲಿ! ಪ್ಲಾಸ್ಟಿಕ್‌ನ ಸಣ್ಣ ತರಿತರಿ ಕೂಡ ಮುಚ್ಚಿಲ್ಲ. ಉಗುರಿನಿಂದ ಕೆರೆದು ನೋಡಿದೆ, ಏಳಲಿಲ್ಲ. ಅಪ್ಪ ಇವತ್ತು ಅದರಲ್ಲೇ ಟೈಪ್ ಮಾಡುತ್ತಿದ್ದಾರೆ.